ಡ್ರೈವರನ ಹುಳುಕಡ್ಡಿ
ನಮ್ಮ ಶಾಲೆಯ ಬಸ್ ಡ್ರೈವರ್ ಒಂದು ಗಳಿಗೆಯೂ ಸುಮ್ಮನೆ ಕೂರುವ ಆಸಾಮಿಯಾಗಿರಲಿಲ್ಲ. ಸಿಗ್ನಲ್ ಬಿದ್ದರೆ ಸೊಂಟ ಕೆರೆಯುವನು, ಮಕ್ಕಳು ಇಳಿಯುವಷ್ಟರಲ್ಲಿ ಸೀಟಿಗೆ ಬೆನ್ನುಜ್ಜುವನು. ಬೆವರಿನಲ್ಲಿ ಬೆಳೆದ ಹುಳುಕಡ್ಡಿ ಅದು. ಮುಲಾಮು ಹಚ್ಚಿ ತುರಿಕೆ ನಿಂತೊಡನೆ, "ಮಂಗಮಾಯ ಮೇಷ್ಟ್ರೇ!" ಎಂದು ಟ್ಯೂಬನ್ನು ಮೂಲೆಗೆಸೆಯುವನು, ತಿಂಗಳೊಳಗೆ ಅದು ಮರಳಿ ಹಾಜರು. "ಡಾಕ್ಟರು ಹೇಳಿದಷ್ಟು ದಿನವೂ ಹಚ್ಚಯ್ಯಾ, ಮೈ ಒಣಗಿಸಿ ಬಟ್ಟೆ ಹಾಕು, ಟವೆಲ್ ಬೇರೆ ಇಡು" ಎಂದು ನಾನು ಹೇಳಿದರೆ, "ನಿಮ್ಮ ಪಾಠ ಇನ್ನೂ ಮುಗಿದಿಲ್ವಾ?" ಎಂದು ನಗುವನು. ಕೊನೆಗೆ ಅದೇ ಟವೆಲ್ಲಿನಿಂದ ಹೆಂಡತಿಗೂ ಅಂಟಿತು. ಆಮೇಲೊಂದು ದಿನ ಮಗಳು ತನ್ನ ಕೈಗೂಸನ್ನು ಮುಂದೆ ಚಾಚಿ, "ಎತ್ಕೋ ಅಪ್ಪಾ" ಎಂದಳು. ತುರಿಕೆ ಆಗಲೇ ನಿಂತುಹೋಗಿತ್ತು. ಆದರೂ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, "ಡಾಕ್ಟರು ಹೇಳಿದ ದಿನ ಇನ್ನೂ ಮುಗಿದಿಲ್ಲ ಕಣಮ್ಮಾ" ಎಂದು, ಮೊಮ್ಮಗುವನ್ನೇ ನೋಡುತ್ತ ಅಲುಗಾಡದೆ ನಿಂತಿದ್ದನು.