ಜಯನಗರದ ಅಜ್ಜಿ ಕಲಿಸಿದ ಹೀಬ್ರೂ

ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕಿದಾಗ ಏಜೆನ್ಸಿಯವರು ಹೇಳಿದ್ದು ಇಷ್ಟೇ: "ಮೇಡಂ, ಎರಡು ತಿಂಗಳಲ್ಲಿ ಅಲ್ಲಿನ ಮನೆಯವರ ಜೊತೆ ವಿಡಿಯೋ ಕಾಲ್ ಇರತ್ತೆ. ಸ್ವಲ್ಪ ಹೀಬ್ರೂ ಬಂದ್ರೆ ಕೆಲಸ ಸಿಕ್ಕಿದ ಹಾಗೇನೆ." ನನಗೆ ಆ ಕೆಲಸ ಬೇಕೇ ಬೇಕಿತ್ತು. ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಳು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಆಗ ನಾನು ಜಯನಗರದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು; ಸೊಂಟ ಮುರಿದು ಹಾಸಿಗೆ ಹಿಡಿದಿದ್ದವರು ಈಗ ವಾಕರ್ ಹಿಡಿದು ನಡೆಯುತ್ತಿದ್ದರು. ಬಿಟ್ಟು ಹೋಗುತ್ತೇನೆಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಜರಗನಹಳ್ಳಿಯಿಂದ ಬರುವ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಅಕ್ಷರಮಾಲೆ ಬಾಯಿಪಾಠ ಮಾಡಿದೆ. ಬಲದಿಂದ ಎಡಕ್ಕೆ ಬರೆದೂ ಬರೆದೂ ಹದಿನೈದು ದಿನ ಹೋಯಿತು, ಒಂದು ಲೋಟ ನೀರು ಕೇಳಲೂ ಬರಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ಮಧ್ಯಾಹ್ನ ಪುಸ್ತಕ ಬೀಸಿ ಎಸೆದೆ, ಅದು ನೇರ ಅಜ್ಜಿಯ ಕಾಲ ಬಳಿ ಬಿತ್ತು.

"ಎಲ್ಲಿಗೇ ಹೊರಟಿದ್ದೀಯ?" ಎಂದರು. ಎಲ್ಲ ಹೇಳಿದೆ. ಅಜ್ಜಿ ಪುಸ್ತಕ ಇಸಿದುಕೊಂಡು ತಿರುವಿ ಹಾಕಿ, "ಕೆಂಪು ಪೆನ್ನು ತಗೊಂಡ್ ಬಾ. ಅಕ್ಷರ ಆಮೇಲೆ ಬರತ್ತೆ ಕಣೇ. ಬೆಳಗ್ಗೆಯಿಂದ ನನ್ ಹತ್ರ ಏನೇನ್ ಮಾತಾಡ್ತೀಯೋ ಅದನ್ನ ಮೊದಲು ಕಲಿ," ಎಂದರು.

ದಿನಕ್ಕೆ ಎಂಟು ಮಾತು. ನೀರಿಗೆ ಮಾಯಿಮ್, ಮಾತ್ರೆಗೆ ಕದೂರ್, ಏಳಿ ಅನ್ನಲು ಕೂಮಿ. ಫೋನಿನಲ್ಲಿ ಕೇಳಿ ಕನ್ನಡದಲ್ಲಿ ಬರೆದುಕೊಳ್ಳುವುದು, ಊಟವಾದ ಮೇಲೆ ಉಕ್ತಲೇಖನ. ಹೀಬ್ರೂವಿನಲ್ಲಿ ಹೇಳದಿದ್ದರೆ ಅಜ್ಜಿ ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ. "ಅಜ್ಜಿ, ಸಾರು ಆರೋಗತ್ತೆ, ಏಳಿ ಸುಮ್ನೆ!" ಎಂದು ನಾನು ಕೂಗಿದರೆ ಕಿವುಡಿಯ ಹಾಗೆ ಕಿಟಕಿ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಸ್ರೇಲಿನಲ್ಲಿ ಎಂಬತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯುತ್ತಾರೆಂದು ಪಾಠದ ವಿಡಿಯೋದಲ್ಲಿ ಬಂತು.

"ನನ್ನೂ ಹಾಗೇ ಕರಿ, ಅಭ್ಯಾಸ ಆಗ್ಲಿ."

"ಅಯ್ಯಯ್ಯೋ, ನನ್ ಕೈಲಾಗಲ್ಲಪ್ಪ!"

ವಾರವಿಡೀ ಕಾಡಿದರು. ಕೊನೆಗೆ ಅಡುಗೆಮನೆಯಲ್ಲಿ ನಿಂತು, ಕಣ್ಣು ಮುಚ್ಚಿ, ಅವರ ಹೆಸರು ಕೂಗಿಯೇಬಿಟ್ಟೆ. ಮಹಡಿ ಮನೆಯವರು ಏನಾಯಿತೋ ಎಂದು ಓಡಿ ಬಂದರು. ಅಜ್ಜಿ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡು, "ನಮ್ಮನೆಯವ್ರು ಹೋದ್ಮೇಲೆ ನನ್ ಹೆಸರು ಹಿಡ್ದು ಕರೆದೋಳು ನೀನೇ ನೋಡು," ಎಂದರು.

ವಿಡಿಯೋ ಕಾಲ್ ಅಜ್ಜಿಯ ಮನೆಯಲ್ಲೇ ಆಯಿತು. ಆ ಕಡೆ ಒಬ್ಬ ವಯಸ್ಸಾದ ಹೆಂಗಸು, ಪಕ್ಕದಲ್ಲಿ ಅವರ ಮಗ. ಆಕೆ ಪಟಪಟನೆ ಮಾತಾಡಿದರು, ಅರ್ಧ ತಿಳಿಯಿತು. ಎಲ್ಲಿ ನೋವು ಎಂದು ಕೇಳಿದೆ, ಮಂಡಿ ತೋರಿಸಿದರು. ಸದ್ಯ, ಬದುಕಿದೆ! ಅಷ್ಟರಲ್ಲಿ ಮಗ, ನಾನೀಗ ನೋಡಿಕೊಳ್ಳುತ್ತಿರುವವರ ಜೊತೆ ಮಾತಾಡಬೇಕು ಎಂದ. ಫೋನನ್ನು ಅಜ್ಜಿಯ ಕಡೆ ತಿರುಗಿಸಿದೆ. ಅಜ್ಜಿ ಒಂದು ಮಾತು ಅಡ್ಡ ಆಡಿದರೂ ನನ್ನ ಕಥೆ ಮುಗಿದಂತೆ.

ಅಜ್ಜಿ ಕನ್ನಡಕ ಏರಿಸಿ, ಹೆಣ್ಣು ಕೊಡುವವರ ಹಾಗೆ ಇಂಗ್ಲಿಷಿನಲ್ಲಿ ವಿಚಾರಣೆಗಿಳಿದರು. ಇವಳಿಗೆ ಬೇರೆ ರೂಮು ಇದೆಯೇ? ವಾರಕ್ಕೊಂದು ರಜ ಕೊಡುತ್ತೀರಾ? ಇವಳಿಗೇ ಜ್ವರ ಬಂದರೆ ಯಾರು ನೋಡುತ್ತಾರೆ? ಆತ ಪಾಪ, ಒಂದೊಂದಕ್ಕೂ ಉತ್ತರ ಹೇಳಿದ. ಆಮೇಲೆ ಇವಳು ಹೇಗೆ ಎಂದು ಕೇಳಿದ.

"ಕೋಪ ಜಾಸ್ತಿ. ಊಟ ಬಿಟ್ಟರೆ ಬೈಯುತ್ತಾಳೆ. ನನ್ನನ್ನು ಮತ್ತೆ ನಡೆಸಿದವಳು ಇವಳೇ."

"ಹಾಗಾದರೆ ಕಳಿಸಿಕೊಡಲು ನಿಮಗೆ ಸಂತೋಷವೇ?"

"ಇಲ್ಲ," ಎಂದರು ಅಜ್ಜಿ. "ನನಗೆ ಒಂದಿಷ್ಟೂ ಇಷ್ಟವಿಲ್ಲ. ಆದರೂ ಕರೆಸಿಕೊಳ್ಳಿ."

ಮಗ ಅದನ್ನು ತಾಯಿಗೆ ಹೀಬ್ರೂವಿನಲ್ಲಿ ಹೇಳಿದ. ಆಕೆ ಪರದೆಯ ಹತ್ತಿರ ಬಾಗಿ ಅಜ್ಜಿಯನ್ನೇ ನೋಡಿದರು, ಆಮೇಲೆ ಮಗನ ಕಡೆ ತಿರುಗಿ ಎರಡೇ ಮಾತು ಆಡಿದರು. ನನಗೆ ಇವಳೇ ಬೇಕು. ಯಾರೂ ಬಿಡಿಸಿ ಹೇಳದೆ ಅದು ನನಗೆ ಅರ್ಥವಾಯಿತು. ಕುಣಿಯುವಷ್ಟು ಖುಷಿಯಾಯಿತು, ಅಜ್ಜಿಯ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.