ಕಳೆದುಹೋದವರ ಪಟ್ಟಿ

ಪಠ್ಯಪುಸ್ತಕಗಳ ಮುಖಪುಟದ ಮೇಲೆ ಹಲ್ಲು ಕಿರಿಯುತ್ತ ನಿಂತಿರುವ ಮಕ್ಕಳನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಬೀಜಗಣಿತದ ಪುಸ್ತಕವನ್ನು ಎದೆಗವಚಿಕೊಂಡು ಆಕಾಶದತ್ತ ನೋಡಿ ನಕ್ಕ ಒಂದೇ ಒಂದು ಮಗುವನ್ನೂ ಕಂಡಿಲ್ಲ. ಕಂಡಿದ್ದರೆ ಗಾಬರಿಯಾಗಿ ಅದರ ಮನೆಗೆ ಹೇಳಿಕಳಿಸುತ್ತಿದ್ದೆ. ಪುಸ್ತಕ ಹಿಡಿದ ಮಗುವಿನ ಸಹಜ ಮುಖಮುದ್ರೆಯೆಂದರೆ ಹುಬ್ಬು ಗಂಟಿಕ್ಕಿರುವುದು, ಪೆನ್ನಿನ ತುದಿ ಬಾಯಲ್ಲಿರುವುದು, ಕಣ್ಣು ಕಿಟಕಿಯಾಚೆ ಹೋದವರು ಯಾರೆಂದು ವಿಚಾರಿಸುತ್ತಿರುವುದು. ನಂಬಿಕೆಯಿಲ್ಲದಿದ್ದರೆ ನೀವೂ ನಿಮ್ಮ ಮನೆಯ ಮಕ್ಕಳನ್ನು ಒಮ್ಮೆ ನೋಡಿ.

ಈ ಹಳೆಯ ಉರಿ ಮತ್ತೆ ಭುಗಿಲೇಳಲು ಕಾರಣ ನನ್ನ ತಮ್ಮನ ಮಗಳು ಕರುಣಾ. ನಾವು ದೇವಿಕೊಪ್ಪದಲ್ಲಿ ಮೂರು ತಲೆಮಾರಿನಿಂದ ಬೇರುಬಿಟ್ಟಿರುವ ಕ್ರೈಸ್ತರು. ತಮ್ಮ ಸತ್ಯಾನಂದ ಕಲಘಟಗಿಯಲ್ಲಿ ದನದ ದವಾಖಾನೆಯ ಕಂಪೌಂಡರು; ಅವನ ಹೆಂಡತಿ ಹುಬ್ಬಳ್ಳಿಯಲ್ಲಿ ನರ್ಸು, ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುವವಳು; ನಾನು ನಿವೃತ್ತಿಯಾದ ಮೇಲೆ ಅವರ ಮನೆಯಲ್ಲೇ ಠಿಕಾಣಿ ಹೂಡಿರುವ, ಮದುವೆಯಾಗದ, ಸಕಲ ವಿಷಯಗಳಲ್ಲೂ ಖಚಿತ ಅಭಿಪ್ರಾಯವಿರುವ ಅಕ್ಕ. ಹದಿನಾಲ್ಕರ ಕರುಣಾಳಿಗೆ ಎಂಟನೆಯ ಇಯತ್ತೆ ಮುಗಿಯುವ ಹೊತ್ತಿಗೆ ಗಂಟಲುಬೇನೆಯೆಂದು ನಾವೆಲ್ಲ ಅಲಕ್ಷಿಸಿದ ಜ್ವರವೊಂದು ಕೀಲುಗಳಿಗಿಳಿದು, ಅಲ್ಲಿಂದ ಎದೆಗೆ ಹೋಯಿತು. ವರ್ಷವಿಡೀ ಶಾಲೆ ಬೇಡ, ಬಸ್ಸಿನ ನೂಕುನುಗ್ಗಲು ಬೇಡ, ಊಟದಲ್ಲಿ ಉಪ್ಪು ಬೇಡ ಎಂದರು ಹುಬ್ಬಳ್ಳಿಯ ಡಾಕ್ಟರು. ಹೀಗೆ ನಮ್ಮ ಮನೆಗೆ ಪಥ್ಯವೂ ಪಠ್ಯವೂ ಒಟ್ಟಿಗೇ ಕಾಲಿಟ್ಟವು. ಪಥ್ಯವನ್ನು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಪಠ್ಯವನ್ನು ನಾವೇ ಆರಿಸಬೇಕಾಗಿತ್ತು.

ಸರಕಾರದ ಪುಸ್ತಕಗಳನ್ನೇ ತಂದು ಮನೆಯಲ್ಲಿ ಕಲಿಸುತ್ತೇನೆಂದು ನಾನು ಸೆರಗು ಕಟ್ಟಿ ನಿಂತೆ. "ಅಕ್ಕಾ, ಕನ್ನಡ ನೀ ಕಲಸ್ತಿ, ಒಪ್ಪಿದೆ. ಗಣಿತಾ ಯಾರ ಕಲಸವರು?" ಎಂದ ಸತ್ಯಾನಂದ. ಅದು ಮರ್ಮಕ್ಕೆ ತಾಗುವ ಮಾತು. ಭಿನ್ನರಾಶಿಗೂ ನನಗೂ ಭಿನ್ನಾಭಿಪ್ರಾಯ ಬಂದು ನಲವತ್ತು ವರ್ಷಗಳ ಮೇಲಾಗಿದೆ. ಅವನಿಗೆ ನಮ್ಮ ಚರ್ಚಿನ ಸಭೆಯ ಪರಿಚಯಸ್ಥರೊಬ್ಬರು ಹೇಳಿದ್ದರಂತೆ, ಮನೆಯಲ್ಲೇ ಓದುವ ಕ್ರೈಸ್ತ ಮಕ್ಕಳಿಗೆಂದೇ ಮಾಡಿದ ಪುಸ್ತಕಗಳಿವೆ, ಮಕ್ಕಳು ತಾವೇ ಓದಿಕೊಂಡು ಉತ್ತರ ಬರೆಯಬಹುದು, ದೂರದ ಕೇಂದ್ರದವರು ಅಂಚೆಯಲ್ಲಿ ತಿದ್ದಿ ಕಳಿಸುತ್ತಾರೆ, ಜೊತೆಗೆ ಚಾರಿತ್ರ್ಯನಿರ್ಮಾಣವೂ ಆಗುತ್ತದೆ ಎಂದು. ಮಂಚದ ಮೇಲೆ ಮಲಗಿದ್ದ ಆ ಹುಡುಗಿಯ ಚಾರಿತ್ರ್ಯಕ್ಕೆ ಏನಾಗಿದೆ ಎಂದು ನಾನು ಕೇಳಿದೆ. ತಮ್ಮ ಪುಸ್ತಕಗಳ ಪಟ್ಟಿ ತರಿಸಲು ಕಾಗದ ಬರೆದ.

ಪಟ್ಟಿಗಳು ಬಂದವು, ಮಾದರಿ ಪುಸ್ತಕಗಳು ಬಂದವು. ಮನೆಯಲ್ಲಿ ಅಕ್ಷರಕ್ಕೆ ಸಂಬಂಧಿಸಿದ್ದೆಲ್ಲ ನನ್ನ ಖಾತೆಯಾದ್ದರಿಂದ ಆಯ್ಕೆಯ ಹೊಣೆ ನನ್ನ ಮೇಲೆಯೇ ಬಿತ್ತು. ಓದುತ್ತ ಹೋದಂತೆ ನನ್ನ ರಕ್ತದೊತ್ತಡ ಏರತೊಡಗಿತು. ಒಂದು ಇತಿಹಾಸದ ಪುಸ್ತಕದಲ್ಲಿ ಭಾರತಕ್ಕೆ ಮುಕ್ಕಾಲು ಪುಟ; ಅದರಲ್ಲೂ ಅರ್ಧ ಪುಟವನ್ನು ಆನೆಯೊಂದು ಆಕ್ರಮಿಸಿತ್ತು. ಹೆಣ್ಣುಮಕ್ಕಳ ಕೈಪಿಡಿಯಲ್ಲಿ ಹೊಲಿಗೆ, ಅಡಿಗೆ, ವಿನಯ. ಗಂಡುಮಕ್ಕಳದರಲ್ಲಿ ಬಡಗಿತನ, ಲೆಕ್ಕಾಚಾರ, ನಾಯಕತ್ವ. ನಮ್ಮ ಮನೆಯಲ್ಲಿ ಸತ್ಯಾನಂದನೇ ಸೊಗಸಾಗಿ ಗುಂಡಿ ಹಚ್ಚುವವನು, ನಾನೇ ನಾಯಕತ್ವ ವಹಿಸುವವಳು. ಈ ಗ್ರಂಥಕರ್ತರು ನಮ್ಮನ್ನು ಎಲ್ಲಿಡುತ್ತಿದ್ದರೋ. ಮತ್ತೊಂದು ಪುಸ್ತಕ ಬೆನ್ನುಡಿಯಲ್ಲೇ ಅಭಯಹಸ್ತ ನೀಡಿತ್ತು, ನಿಮ್ಮ ಮಗುವನ್ನು ಲೋಕದಿಂದ ಕಾಪಾಡುತ್ತೇವೆ ಎಂದು. ಲೋಕದಿಂದ ಕಾಪಾಡುವುದೆಂದರೇನು ಸ್ವಾಮಿ? ಆ ಹುಡುಗಿ ತಿಂಗಳುಗಟ್ಟಲೆ ಕಿಟಕಿಯ ಬಳಿ ಮಲಗಿ ಹಂಬಲಿಸುತ್ತಿದ್ದುದೇ ಲೋಕಕ್ಕಾಗಿ. ನಾನೂ ದೇವರನ್ನು ನಂಬಿದವಳು, ಬೆಳಿಗ್ಗೆ ಸಂಜೆ ಮೊಣಕಾಲೂರುವವಳು. ಅವನು ಇಷ್ಟು ಮುತುವರ್ಜಿಯಿಂದ ಮಾಡಿದ ಲೋಕವನ್ನು ಅವನ ಹೆಸರಿನಲ್ಲೇ ಹೀಗೆ ಅಂಟುಜಾಡ್ಯದಂತೆ ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಸಿಟ್ಟಾದವಳು ಕೊನೆಗೆ ಆರಿಸಿದ್ದೇನು ಕೇಳಿ. ಒಂದು ಕಟ್ಟಿನ ಮೇಲೆ ಕನ್ನಡ ಆವೃತ್ತಿ ಎಂದಿತ್ತು. ಅಕ್ಷರ ದುಂಡಗಿತ್ತು, ಮುಖಪುಟದಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ. ಮೂರು ದಶಕ ತಪ್ಪು ತಿದ್ದಿದವರ ದೌರ್ಬಲ್ಯ ಇದು. ಒತ್ತಕ್ಷರ ಸರಿಯಿದ್ದರೆ ಅರ್ಥವೂ ಸರಿಯಿರುತ್ತದೆಂದು ನಂಬಿಬಿಡುತ್ತೇವೆ. ಇದೇ ಇರಲಿ ಎಂದು ಬೆರಳಿಟ್ಟು ತೋರಿಸಿದವಳು ನಾನೇ. ಮುಂದೆ ಆದದ್ದಕ್ಕೆಲ್ಲ ತಮ್ಮನನ್ನು ಬೈಯುವಾಗ ಈ ಒಂದು ಸಂಗತಿಯನ್ನು ನಾನು ಪ್ರಸ್ತಾಪಿಸುವುದಿಲ್ಲ.

ಪುಸ್ತಕಗಳು ಬಂದ ವಾರವೇ ಅನುವಾದಕರ ಪ್ರತಿಭೆ ಗೋಚರಿಸಿತು. ಚಳಿಗಾಲದ ಪಾಠವೊಂದರಲ್ಲಿ, ಹಿಮದ ಗೊಂಬೆ ಎನ್ನಬೇಕಾದಲ್ಲಿ, ನಿಮ್ಮ ಮನೆಯ ಮುಂದೆ ಹಿಮಮಾನವನನ್ನು ನಿಲ್ಲಿಸಿ ಅವನ ಕೊರಳಿಗೆ ವಸ್ತ್ರ ಸುತ್ತಿರಿ ಎಂದು ಅಪ್ಪಣೆಯಾಗಿತ್ತು. "ಅತ್ತಿ, ಹಿಮಮಾನವ ಅಂದ್ರ ಆ ದೊಡ್ಡ ಪಾದದಾಂವ ಅಲ್ಲೇನು? ಅವ ದೇವಿಕೊಪ್ಪಕ್ಕ ಯಾಕ ಬರ್ತಾನ?" ಎಂದು ಕರುಣಾ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಅಷ್ಟು ನಕ್ಕದ್ದು ಅದೇ ಮೊದಲು. ಆ ಒಂದು ನಗೆಗಾಗಿ ಅನುವಾದಕರ ನೂರು ಅಪರಾಧ ಮನ್ನಿಸಲು ನಾನು ಸಿದ್ಧಳಿದ್ದೆ.

ನೂರೊಂದನೆಯದನ್ನು ಮನ್ನಿಸಲಾಗಲಿಲ್ಲ. ಚಾರಿತ್ರ್ಯನಿರ್ಮಾಣದ ಅಭ್ಯಾಸಪುಸ್ತಕದಲ್ಲಿ ಹೀಗೊಂದು ಪ್ರಶ್ನೆಯಿತ್ತು: ನಿಮ್ಮ ಮನೆಯ ಸುತ್ತಮುತ್ತ ಕಳೆದುಹೋಗಿರುವ ಮೂವರ ಹೆಸರು ಬರೆಯಿರಿ, ಅವರಿಗೆ ದಾರಿ ತೋರಿಸಲು ನೀವು ಏನು ಮಾಡುವಿರಿ? ಕರುಣಾ ತನ್ನ ದುಂಡು ಅಕ್ಷರದಲ್ಲಿ ಉತ್ತರಿಸಿದ್ದಳು: ನಮ್ಮ ಓಣಿಯಲ್ಲಿ ಯಾರೂ ಕಳೆದುಹೋಗಿಲ್ಲ. ಗಂಗವ್ವ ಆಯಿಯ ಎಮ್ಮೆಯ ಕರು ಮಾತ್ರ ಮಳೆಗಾಲದಲ್ಲಿ ಕಳೆದಿತ್ತು. ಅದು ಎರಡನೆಯ ದಿನ ದುಮ್ಮವಾಡದ ದಾರಿಯಲ್ಲಿ ಗಾದಿ ಹೊಲಿಯುವ ಮೌಲಾಸಾಬ ಕಾಕಾನಿಗೆ ಸಿಕ್ಕಿತು. ದಾರಿ ತೋರಿಸುವ ಅಗತ್ಯ ಬೀಳಲಿಲ್ಲ. ಓಣಿ ಬಂದ ಕೂಡಲೇ ಕರು ತಾನೇ ಮನೆಗೆ ಓಡಿತು.

ಇದು ಮುಗ್ಧತೆಯೋ ಕಿಡಿಗೇಡಿತನವೋ ನಾನು ಈವರೆಗೆ ಕೇಳಿಲ್ಲ. ಕನ್ನಡದ ಉತ್ತರವಾಗಿ ನೋಡಿದರೆ ನಾನು ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ಕಳೆ ಎಂಬುದು ನಮ್ಮ ಭಾಷೆಯಲ್ಲಿ ಬಹಳ ಚೇಷ್ಟೆಯ ಶಬ್ದ. ಹೊಲದಲ್ಲಿದ್ದರೆ ಕೀಳಬೇಕು, ಮುಖದಲ್ಲಿದ್ದರೆ ನೋಡಿ ಸಂತೋಷಪಡಬೇಕು, ಪಾಟಿಯ ಮೇಲಿದ್ದರೆ ದೊಡ್ಡದರಿಂದ ಚಿಕ್ಕದನ್ನು ತೆಗೆಯಬೇಕು. ಮನುಷ್ಯರನ್ನು ಯಾವ ಅರ್ಥದಲ್ಲಿ ಕಳೆಯಬೇಕೆಂದು ಪುಸ್ತಕದವರು ಹೇಳಿರಲಿಲ್ಲ. ಆದರೆ ಹದಿನೈದು ದಿನಕ್ಕೆ ಹಾಳೆ ಮರಳಿ ಬಂದಾಗ ಉತ್ತರಕ್ಕೆ ಅಡ್ಡಗೀಟು ಬಿದ್ದಿತ್ತು. ಅದರ ಪಕ್ಕ ಕೆಂಪು ಮಸಿಯಲ್ಲಿ ಒಂದು ಸೊನ್ನೆ, ಸೊನ್ನೆಯ ಕೆಳಗೆ ಒಂದು ಉಪದೇಶ: ನಮ್ಮ ನಂಬಿಕೆಯವರಲ್ಲದ ನೆರೆಹೊರೆಯವರೆಲ್ಲ ಕಳೆದುಹೋದವರೇ; ಪಾಠವನ್ನು ಪ್ರಾರ್ಥನಾಪೂರ್ವಕವಾಗಿ ಮತ್ತೊಮ್ಮೆ ಓದಿ ಮೂರು ಹೆಸರು ಬರೆದು ಕಳಿಸಿದ ಮೇಲೆಯೇ ಮುಂದಿನ ಪುಸ್ತಕಗಳನ್ನು ಕಳಿಸಲಾಗುವುದು.

ನೆರೆಹೊರೆಯವರೆಂದರೆ ಯಾರು, ಅದನ್ನು ನಾನು ಹೇಳಲೇಬೇಕು. ನಮ್ಮ ಮನೆಯ ಬಾಜುವಿಗೇ ಇರುವ ಗಂಗವ್ವ, ಹಣೆತುಂಬ ವಿಭೂತಿ ಧರಿಸಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡಿರುವ ಎಪ್ಪತ್ತರ ಹೆಂಗಸು. ಕರುಣಾ ಮಂಚ ಹಿಡಿದ ಮೂರು ತಿಂಗಳು, ನನ್ನ ಉಪ್ಪಿಲ್ಲದ ಅಡಿಗೆಯನ್ನು ಹುಡುಗಿ ಮುಟ್ಟುತ್ತಿಲ್ಲವೆಂದು ತಿಳಿದು, ದಿನವೂ ಬೇರೆಯಾಗಿ ಉಪ್ಪಿಲ್ಲದ ಪಲ್ಯ ಮಾಡಿ ಬಿಸಿ ಜೋಳದ ರೊಟ್ಟಿಯೊಡನೆ ತಂದವಳು ಆಕೆ. ತಿನ್ನಲು ಹಟ ಮಾಡಿದರೆ, "ನಾನೂ ಉಪ್ಪ ಬಿಟ್ಟೇನಿ ನೋಡವಾ, ಇಬ್ರೂ ಸಪ್ಪಗ ಉಣ್ಣೂಣು" ಎಂದು ಎದುರಿಗೆ ಕುಳಿತು ಅದನ್ನೇ ಉಣ್ಣುತ್ತಿದ್ದಳು. ಅವಳಿಗೆ ಯಾವ ಡಾಕ್ಟರೂ ಉಪ್ಪು ಬಿಡಲು ಹೇಳಿರಲಿಲ್ಲ. ಇಂಥವಳನ್ನು ಯಾವುದೋ ಊರಿನ ಮೇಜಿನ ಮುಂದೆ ಕುಳಿತವರು ಕಳೆದುಹೋದವಳು ಎನ್ನುವುದು, ಅದನ್ನು ಅವಳ ರೊಟ್ಟಿ ತಿಂದ ಹುಡುಗಿಯ ಕೈಯಿಂದಲೇ ಬರೆಸುವುದು! ನನಗೆ ಬಂದ ಸಿಟ್ಟನ್ನು ಲಲಿತವಾಗಿ ಹೇಳುವ ವಿದ್ಯೆ ನನಗೆ ತಿಳಿಯದು.

ನಮ್ಮ ತಂದೆಯೂ ಮಾಸ್ತರರು. ಮನೆಗೆ ಹೊಸ ಪುಸ್ತಕ ಬಂದರೆ ಅವರು ಅದನ್ನು ಮುಂಬಾಗಿಲ ಕಟ್ಟೆಯ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಓದಿಸುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ಕೇಳಿದರೆ ಕೇಳಲಿ; ಹಾಗೆ ನಾಲ್ಕು ಜನರ ಕಿವಿಗೆ ಬೀಳುವಂತೆ ಓದಲಾರದ ಪುಸ್ತಕವನ್ನು ಅವರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನೂ ಆ ಅಭ್ಯಾಸಪುಸ್ತಕವನ್ನು ಕಟ್ಟೆಗೆ ಒಯ್ದು ಓದತೊಡಗಿದೆ. ಆ ಪಾಠಕ್ಕೆ ಬರುವ ಹೊತ್ತಿಗೆ ಗಂಗವ್ವ ಸಗಣಿಯ ಬುಟ್ಟಿ ಹಿಡಿದು ನಮ್ಮ ಮುಂದೆಯೇ ಹಾದುಹೋದಳು. ನನ್ನ ದನಿ ತಾನಾಗಿಯೇ ಇಳಿಯಿತು. ಪುಸ್ತಕ ಆರಿಸುವಾಗ ಈ ಕೆಲಸವನ್ನು ಮಾಡಬೇಕಿತ್ತು. ನಾನು ಕಾಗುಣಿತ ನೋಡುತ್ತ ಕುಳಿತಿದ್ದೆ.

ಆ ರವಿವಾರವೂ ಹೆಂಡತಿ ಡ್ಯೂಟಿಗೆ ಹೋಗಿದ್ದಳು; ಮಧ್ಯಾಹ್ನ ಸತ್ಯಾನಂದ ಹಾಳೆ ಹಿಡಿದು ಕುಳಿತ. ಅವನ ಭಯ ಬೇರೆ. ಮುಂದಿನ ಪುಸ್ತಕ ಬರದಿದ್ದರೆ ಮಗಳ ವರ್ಷ ಹಾಳಾಗುತ್ತದೆ, ಮರಳಿ ಶಾಲೆಗೆ ಹೋಗುವಾಗ ಗೆಳತಿಯರೆಲ್ಲ ಒಂದು ಇಯತ್ತೆ ಮುಂದಿರುತ್ತಾರೆ ಎಂಬುದು. "ಮೂರ ಹೆಸರ, ಅಕ್ಕಾ. ಬರದ ಒಗದ್ರ ಮುಗೀತು. ಗಂಗವ್ವ ಕಾಕಿಗೆ ಓದಾಕ ಬರೂದಿಲ್ಲ, ಆಕಿಗೇನ ಗೊತ್ತಾಗ್ತೈತಿ?" ಎಂದ. ನಾನು ಹೌಹಾರಿ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಆದರೆ ಭಾಷಣದ ಕೊನೆಯಲ್ಲಿ ನಾನು ಸೂಚಿಸಿದ ಉಪಾಯ ಇನ್ನೂ ನಾಚಿಕೆಗೇಡಿನದು. ಇಲ್ಲದ ಮೂವರ ಹೆಸರು ಹುಟ್ಟಿಸಿ ಬರೆದುಬಿಡೋಣ ಎಂದೆ.

ಮಂಚದ ಮೇಲಿಂದ ಕರುಣಾ, "ಚಾರಿತ್ರ್ಯದ ಪುಸ್ತಕದಾಗ ಸುಳ್ಳ ಬರಿಯೂದಾ, ಅತ್ತಿ?" ಎಂದಳು. ಆಮೇಲೆ ಅಪ್ಪನತ್ತ ತಿರುಗಿ, "ನಾ ಬರಿಯಾಂಗಿಲ್ಲ ಪಪ್ಪಾ. ವರ್ಷ ಹೋದ್ರ ಹೋಗ್ಲಿ" ಎಂದು ಗೋಡೆಯ ಕಡೆ ಮುಖ ಮಾಡಿದಳು. ಅವಳು ಅಳುತ್ತಿದ್ದಳು. ಎದೆಬೇನೆಯ ಹುಡುಗಿಯನ್ನು ಅಳಿಸಬಾರದೆಂದೂ ಡಾಕ್ಟರು ಹೇಳಿದ್ದರು. ಸತ್ಯಾನಂದ ಪೆನ್ನಿನ ಮುಚ್ಚಳ ತೆಗೆದು, "ಹಂಗಾರ ನಾನ ಬರೀತೀನಿ" ಎಂದ.

ಅಷ್ಟರಲ್ಲಿ ಗಂಗವ್ವ ಮುಚ್ಚಿದ ತಾಟು ಹಿಡಿದು ಒಳಗೆ ಬಂದಳು. ನಾವು ಮೂವರೂ ಕಳ್ಳರ ಹಾಗೆ ಸುಮ್ಮನಾದದ್ದನ್ನು ಕಂಡು, "ಏನ್ ಬರಿಯಾಕತ್ತೀರಿ?" ಎಂದು ಕೇಳಿದಳು. ಸತ್ಯಾನಂದ ತಡವರಿಸಿ, "ಹೆಸರ ಬರಿಯಾಕತ್ತಿದ್ವಿ ಕಾಕಿ" ಎಂದ.

ಗಂಗವ್ವನಿಗೆ ಹೆಸರು ಬರೆಯುವುದೆಂದರೆ ಒಂದೇ ಅರ್ಥ. ನಮ್ಮ ಸಭೆಯಲ್ಲಿ ಬೇನೆ ಬಿದ್ದವರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆರಾಧನೆಯಲ್ಲಿ ಅವರಿಗಾಗಿ ಬೇಡಿಕೊಳ್ಳುವ ರೂಢಿಯುಂಟು. ಕರುಣಾಳ ಹೆಸರು ವಾರವಾರವೂ ಹೋಗುವುದು ಗಂಗವ್ವನಿಗೆ ಗೊತ್ತು. ಅವಳೇ ಮರೆಯದೆ ನೆನಪಿಸುತ್ತಿದ್ದಳು. ಈಗ ತಾಟು ಕೆಳಗಿಟ್ಟು ನೆಲದ ಮೇಲೆ ಕುಳಿತು ಹೇಳಿ ಬರೆಸತೊಡಗಿದಳು. "ಮೊದಲ ಕೂಸಿನ ಹೆಸರ ಬರಿ. ಆಮ್ಯಾಲ ನಂದು ಹಾಕು, ಈ ಮಣಕಾಲ ಅಗದಿ ಜೀವಾ ತಿನ್ನಾಕತ್ತೈತಿ. ಮೌಲಾಸಾಬನ ಹೇಣ್ತಿಗೆ ನಾಳೆ ಕಣ್ಣಿನ ಆಪರೇಶನ್ ಐತಿ, ಆಕಿದೂ ಬರಿ. ಆತು, ಮೂರ ಸಾಕು. ಭಾಳ ಹೆಸರ ಹಾಕಿದ್ರ ನಿಮ್ಮ ದೇವರಿಗೂ ತ್ರಾಸು."

ನನ್ನ ತಮ್ಮ ಹುಟ್ಟಾ ಮೆದು ಮನುಷ್ಯ. ಹೇಳಿದ್ದನ್ನು ಹೇಳಿದಂತೆ ಬರೆದ. ಕರುಣಾ, ಗಂಗವ್ವ, ಮೆಹಬೂಬಿ. ಕೆಂಪು ಸೊನ್ನೆಯ ಕೆಳಗೆ ಮೂರು ಹೆಸರು ಸಾಲಾಗಿ ಬಿದ್ದವು.

ಗಂಗವ್ವ ಹಾಳೆಯತ್ತ ಬಾಗಿ ನೋಡಿದಳು. "ಮ್ಯಾಲೇನೋ ಅಚ್ಚ ಹಾಕ್ಯಾರಲ್ಲ, ಅದೇನೈತಿ? ಓದವಾ ಕರುಣಾ" ಎಂದಳು. ನಾನು ಏನಾದರೂ ಹೇಳಿ ತಪ್ಪಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲೇ ಕರುಣಾ ಎದ್ದು ಕುಳಿತು, ಅಪ್ಪನ ಕೈಯಿಂದ ಹಾಳೆ ತೆಗೆದುಕೊಂಡು, ಓದಿದಳು. ಪೂರ್ತಿ ಓದಿದಳು.

"ಕಳದಾವರಾ?" ಗಂಗವ್ವ ನಮ್ಮಿಬ್ಬರ ಮುಖವನ್ನೂ ನೋಡಿದಳು. ಅವಳಿಗೆ ನಗು ಬಂತು. "ಅಯ್ಯ, ನಾ ಎಲ್ಲಿ ಕಳದೇನವಾ? ಇಲ್ಲೇ ಬಾಜೂಕ ಅದೀನಲ್ಲ!"

ಸತ್ಯಾನಂದ ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ ಹಾಳೆಯನ್ನು ಮಗಳ ಕೈಯಿಂದ ಮರಳಿ ಇಸಿದುಕೊಂಡು, ಅಚ್ಚಾದ ಮೇಲಿನ ಭಾಗವನ್ನು ಮಡಚಿ ಹರಿದು, ಹೆಸರಿದ್ದ ಕೆಳಗಿನ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡ. "ಹೌದ್ರಿ ಕಾಕಿ, ಇಲ್ಲೇ ಅದೀರಿ. ಸಂಜಿಕ ಆರಾಧನಾ ಐತಿ, ಚೀಟಿ ನಾನ ಕೊಡ್ತೀನಿ" ಎಂದ. ನಂತರ ನನ್ನತ್ತ ತಿರುಗಿ, ನಾಳೆ ಕಲಘಟಗಿಯಿಂದ ಸರಕಾರದ ಒಂಬತ್ತನೆಯ ಇಯತ್ತೆಯ ಪುಸ್ತಕ ತರುತ್ತೇನೆ, ಗಣಿತವನ್ನು ನೀನೂ ಅವಳ ಜೊತೆಗೇ ಕೂತು ಕಲಿ ಎಂದು ಆಜ್ಞಾಪಿಸಿದ. ಅರವತ್ತೆರಡನೆಯ ವಯಸ್ಸಿನಲ್ಲಿ ಭಿನ್ನರಾಶಿ! ನಾನು ಪ್ರತಿಭಟಿಸುವಷ್ಟರಲ್ಲಿ ಗಂಗವ್ವ ತಾಟಿನ ಮುಚ್ಚಳ ತೆಗೆದು ರೊಟ್ಟಿ ಮುರಿದು ಕರುಣಾಳ ಕೈಗೆ ಕೊಟ್ಟು, ತಾನೂ ಸಪ್ಪನೆಯ ಪಲ್ಯ ಹಚ್ಚಿಕೊಂಡು ಉಣ್ಣತೊಡಗಿದ್ದಳು.