ಚಕ್ರದ ಮನೆಗೆ ಒಂಬತ್ತು ಗಜದ ಸೀರೆ

ಮಕ್ತಲದಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಎಡಕ್ಕೊಂದು ಸಿಮೆಂಟಿನ ರ‍್ಯಾಂಪ್ ಸಿಗುತ್ತದೆ. ಪಕ್ಕದ ತಗಡಿನ ಮೇಲೆ ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ‘ಮಹಾಂತಯ್ಯ ವಾಟರ್ ಸರ್ವಿಸಿಂಗ್’ ಎಂದು ಬರೆದಿದೆ. ಎರಡು ಭಾಷೆಯಲ್ಲಿ ಶಾಸನ ಹಾಕಿಸುವುದು ಈ ಸೀಮೆಯ ಚಕ್ರವರ್ತಿಗಳಿಗೆ ಹೊಸದೇನಲ್ಲ.

ಮಹಾಂತಯ್ಯನಿಗೆ ಐವತ್ತೊಂಬತ್ತು. ಅವನ ದಿಗ್ವಿಜಯ ಹಳ್ಳದ ನೀರಿನಲ್ಲಿ ಅಪ್ಪನ ಎತ್ತುಗಳ ಮೈ ತಿಕ್ಕುವುದರಿಂದ ಶುರುವಾಗಿ, ಬಸ್ಸು, ಲಾರಿ, ಭತ್ತ ಕೊಯ್ಯುವ ಮಷಿನು, ಬೋರು ಕೊರೆಯುವ ಗಾಡಿ ಎಂದು ಒಂದೊಂದೇ ರಾಜ್ಯವನ್ನು ಗೆಲ್ಲುತ್ತ ಬಂದಿತ್ತು. ಮೂವತ್ತೆರಡು ವರ್ಷದಲ್ಲಿ ಕೆಸರು ಹೊತ್ತು ಬಂದು ಕೆಸರು ಹೊತ್ತೇ ಹೋದ ಗಾಡಿ ಒಂದೂ ಇಲ್ಲ. ‘ಗನ್ನು ಬರೇ ನೀರು ಹೊಡೀತೈತಿ, ತೊಳಿಯೋದು ಕೈ’ ಎನ್ನುವುದು ಅವನ ಸಿದ್ಧಾಂತ.

ಸಂಕ್ರಾಂತಿಯ ಹೊತ್ತಿಗೆ ಆ ಸಿದ್ಧಾಂತದ ಬುಡಕ್ಕೇ ಪೆಟ್ಟು ಬಿತ್ತು. ಬಲ ಭುಜ ಹಿಡಿದುಕೊಂಡಿತು. ಎದೆಯ ಮಟ್ಟದ ತನಕ ಕೈ ಹೇಳಿದಂತೆ ಕೇಳುತ್ತದೆ, ಅದಕ್ಕಿಂತ ಮೇಲೆ ಎತ್ತಿದರೆ ಭುಜದೊಳಗೆ ಯಾರೋ ಚಿಲಕ ಹಾಕಿ ಕೂತಂತೆ. ಚಕ್ರವರ್ತಿ ಇದನ್ನು ಯಾರಿಗೂ ಹೇಳಲಿಲ್ಲ. ಬದಲಿಗೆ ಹೊಸ ಶಾಸ್ತ್ರವೊಂದನ್ನು ಜಾರಿಗೆ ತಂದ: “ಲಾರಿ ಹಣಿ ಅಂದ್ರ ದೇವರ ಜಾಗ. ಅದನ್ನ ಓಡಿಸಾವನೇ ತನ್ನ ಕೈಲೆ ತೊಳೀಬೇಕು. ಆಗ ದಾರಿ ಸುಖ.” ಡ್ರೈವರುಗಳು ಭಕ್ತಿಯಿಂದ ಬಂಪರಿನ ಮೇಲೆ ಹತ್ತಿ ತಾವೇ ಹಣೆ ತೊಳೆದುಕೊಂಡರು. ಕೆಲವರು ಊದುಬತ್ತಿಯನ್ನೂ ಹಚ್ಚಿದರು. ಮಹಾಂತಯ್ಯ ಕೆಳಗೆ ನಿಂತು ಚಕ್ರ ತೊಳೆದ.

ಆದರೆ ಮನೆಯಲ್ಲಿ ಶಾಸ್ತ್ರ ನಡೆಯುವುದಿಲ್ಲ. ಹೆಂಡತಿ ಗುರಮ್ಮ ಸಂಕ್ರಾಂತಿಯ ನಂತರ ಒಂದೇ ಮಾತು ಹಿಡಿದಿದ್ದಳು. ಅವಳ ತಮ್ಮ ಶಿವಕಾಂತನದು ನಾರಾಯಣಪೇಟೆಯಲ್ಲಿ ಕಿರಾಣಿ ಅಂಗಡಿ. ಭಾವ ಬಂದು ಫ್ಯಾನಿನ ಕೆಳಗೆ ಕೂತು ತೂಕದ ಕಡೆ ನೋಡಿಕೊಂಡಿದ್ದರೆ ಸಾಕು ಎಂದು ಅವನು ಕರೆಯುತ್ತಲೇ ಇದ್ದ.

“ಇನ್ನೆಷ್ಟು ವರ್ಷ ನೀರಾಗ ನೆನೀತೀರಿ?” ಎಂದು ಗುರಮ್ಮ ಕೇಳುವಳು.

“ನೋಡೂಣ,” ಎನ್ನುವನು ಮಹಾಂತಯ್ಯ.

ಕಣ್ಣು ಮುಚ್ಚಿದರೆ ಅವನಿಗೆ ಆ ಅಂಗಡಿಯೇ ಕಾಣುತ್ತಿತ್ತು. ಯಾರೋ ಹಳೆಯ ಡ್ರೈವರು ಬಂದು, ‘ಅರೆ, ರ‍್ಯಾಂಪಿನ ಮಹಾಂತಯ್ಯ ಬೆಲ್ಲ ತೂಗಾಕ ಹತ್ಯಾನ’ ಎಂದು ಬೆರಳು ತೋರಿಸುತ್ತಿದ್ದ. ಯುದ್ಧ ಮಾಡಿದ ಆನೆಯನ್ನು ಬಾಳೆಹಣ್ಣಿಗೆ ಸೊಂಡಿಲು ಚಾಚುವ ಕೆಲಸಕ್ಕೆ ಕಟ್ಟಿದ ಹಾಗೆ.

ಯುಗಾದಿ ಕಳೆದು ವಾರವಾಗಿತ್ತು. ಒಂದು ಸಂಜೆ ರ‍್ಯಾಂಪಿನ ಮುಂದೆ ಜೀಪೊಂದು ಬಂದು ನಿಂತಿತು. ಅದರ ಬೆನ್ನಿಗೆ ಒಂದು ಮನೆ ಕಟ್ಟಿತ್ತು. ಉತ್ಪ್ರೇಕ್ಷೆಯಲ್ಲ, ನಿಜವಾದ ಮನೆ. ಇಪ್ಪತ್ತನಾಲ್ಕು ಅಡಿ ಉದ್ದ, ಹತ್ತಡಿ ಎತ್ತರ, ಕಿಟಕಿ, ಪರದೆ, ಮೆಟ್ಟಿಲು, ಒಳಗೆ ಹಾಸಿಗೆ, ಒಲೆ, ಕೆಳಗೆ ನಾಲ್ಕು ಚಕ್ರ. ಇದರ ಮೇಲ್ವಿಚಾರಕ ಸುರೇಂದರ್ ಧರೂರಿನ ಆಚೆ ಹಿನ್ನೀರಿನ ದಂಡೆಯಲ್ಲಿ ಇಂಥ ಎಂಟು ಕ್ಯಾರವಾನುಗಳನ್ನು ಸಾಲಾಗಿ ನಿಲ್ಲಿಸಿ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದ. ಧೂಳು, ಬೋರಿನ ಉಪ್ಪುನೀರು, ಹಕ್ಕಿಗಳ ಕೃಪೆ ಎಲ್ಲ ಸೇರಿ ಬಿಳಿಯ ಗಾಡಿ ಹಳೆಯ ಸುಣ್ಣದ ಗೋಡೆಯಂತಾಗಿತ್ತು.

“ಮಹಾಂತಯ್ಯಗಾರು, ಬರೀ ತೊಳೆದರೆ ಆಗಲ್ಲ. ವ್ಯಾಕ್ಸ್ ಕೂಡ ಹಚ್ಚಬೇಕು,” ಎಂದು ಸುರೇಂದರ್ ಮೇಣದ ಡಬ್ಬಿಗಳನ್ನು ಇಳಿಸಿದ. “ಕಿಟಕಿ ರಬ್ಬರಿಗೆ ಗನ್ನು ಹಿಡೀಬ್ಯಾಡ್ರಿ, ನೀರು ಒಳಗ ಹೋಗ್ತದೆ. ನಾಳೆ ಸಂಜೆ ಬರ್ತೀನಿ. ಚೊಲೋ ಆದ್ರೆ ಉಳಿದ ಏಳೂ ನಿಮಗೇ, ತಿಂಗಳಾ ತಿಂಗಳಾ.”

ರಾತ್ರಿ ಊಟಕ್ಕೆ ಕೂತಾಗ ಗುರಮ್ಮ ಸುಮ್ಮನಿರಲಿಲ್ಲ. “ಹತ್ತಡಿ ಗಾಡಿ. ಪಕ್ಕದ ಮನಿ ಉರುಕುಂದಪ್ಪನ ಕರೀರಿ, ಕೈಗೂಡಿಸ್ತಾನ.”

“ಯಾರೂ ಬ್ಯಾಡ. ಒಬ್ಬನೇ ಮಾಡ್ತೀನಿ, ಹೊತ್ತು ಮುಳುಗೋದ್ರಾಗ.”

“ಆಗಲಿಲ್ಲಂದ್ರ?”

“ಆಗಲಿಲ್ಲಂದ್ರ ರ‍್ಯಾಂಪಿನ ಕೀಲಿ ನಿನ್ನ ಕೈಗೆ. ಸೋಮವಾರ ನಾರಾಯಣಪೇಟೆ ಬಸ್ಸು ಹತ್ತತೀನಿ.”

ಬಾಯಿಂದ ಹೊರಬಿದ್ದ ಮಾತು ರೊಟ್ಟಿಯಂತೆ ಮತ್ತೆ ಬುಟ್ಟಿಗೆ ಹೋಗುವುದಿಲ್ಲ. ಗುರಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, “ಆಗಲಿ,” ಎಂದಳು.

ಮರುದಿನ ಸೂರ್ಯ ಹುಟ್ಟುವ ಮೊದಲೇ ಮಹಾಂತಯ್ಯ ಸ್ನಾನ ಮಾಡಿ, ವಿಭೂತಿ ಧರಿಸಿ ರಣರಂಗಕ್ಕೆ ಇಳಿದ. ಭುಜಕ್ಕಾಗದ್ದನ್ನು ಬುದ್ಧಿ ಮಾಡಬೇಕು. ಹತ್ತಿಗೆ ಔಷಧ ಹೊಡೆಯುವಂಥ ಪಂಪನ್ನು, ಇನ್ನೂ ಔಷಧದ ವಾಸನೆ ಕಾಣದ ಹೊಸದನ್ನು, ಮೊದಲೇ ತಂದಿಟ್ಟಿದ್ದ. ಅದಕ್ಕೆ ಸೋಪಿನ ನೀರು ತುಂಬಿ ಬೆನ್ನಿಗೇರಿಸಿ, ಸೊಂಟದ ಮಟ್ಟದಲ್ಲಿ ಕೊಳವೆ ಹಿಡಿದು ಮೇಲಕ್ಕೆ ಹೊಡೆದ. ಉದ್ದನೆಯ ಬಿದಿರಿಗೆ ಹಳೆಯ ಕಂಬಳಿಯ ತುಂಡು ಸುತ್ತಿ, ಎರಡೂ ಕೈ ಹೊಟ್ಟೆಯ ಹತ್ತಿರವೇ ಇಟ್ಟುಕೊಂಡು, ಸೊಂಟದ ಬಲದಿಂದ ಮೇಲಿನಿಂದ ಕೆಳಕ್ಕೆ ತಿಕ್ಕಿದ. ಉಪ್ಪುನೀರಿನ ಕಲೆ ಕೂರುವ ಮೊದಲೇ ಒಣ ಬಟ್ಟೆ ಕಟ್ಟಿದ ಇನ್ನೊಂದು ಬಿದಿರಿನಿಂದ ಒರೆಸಿದ. ಹತ್ತೂವರೆಗೆ ಗಾಡಿ ಮಿಂದು ನಿಂತಿತ್ತು. ಭುಜ ಒಮ್ಮೆಯೂ ಚೀರಿರಲಿಲ್ಲ. ಮಹಾಂತಯ್ಯ ಮೀಸೆಯ ಮೇಲೆ ಕೈ ಇಟ್ಟ. ಮೀಸೆ ಅದೃಷ್ಟಕ್ಕೆ ಎದೆಯಿಂದ ಬಹಳ ದೂರವಿರಲಿಲ್ಲ.

ಉಳಿದದ್ದು ಮೇಣ. ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಹಸುವಿನ ತುಪ್ಪದಂಥ ಹಳದಿ ವಸ್ತು.

ಇಲ್ಲಿ ನಮ್ಮ ನಾಯಕ ಮುಗ್ಗರಿಸಿದ. ಅವನ ಮನೆತನದಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವುದು ಚಮಚದಿಂದಲ್ಲ, ಬಟ್ಟಲಿನಿಂದ. ‘ಸಾಕ್ರಿ, ಸಾಕ್ರಿ’ ಎಂದು ಬೀಗರು ಎಲೆಗೆ ಅಡ್ಡ ಕೈ ಹಿಡಿದರೂ ಕೈ ಸರಿಸಿ ಸುರಿಯದಿದ್ದರೆ ಅದು ಮರ್ಯಾದೆಯಲ್ಲ. ತೆಳ್ಳಗೆ ಸವರುವುದೆಂದರೆ ಜಿಪುಣತನ, ಅದೂ ಮೊದಲ ಸಲ ಮನೆಗೆ ಬಂದ ಅತಿಥಿಗೆ! ಮಹಾಂತಯ್ಯ ರಸ್ತೆಯ ಕಡೆಯ ಇಡೀ ಮಗ್ಗುಲಿಗೆ, ಇಪ್ಪತ್ತನಾಲ್ಕಡಿಗೂ, ಬಿದಿರಿನ ತುದಿಯ ಬಟ್ಟೆಯಿಂದ ಬೀಗರ ಹೋಳಿಗೆಗೆ ಹಚ್ಚುವಂತೆ ಹಚ್ಚಿದ. ಹಚ್ಚಿ, ಚಹಾ ಕುಡಿದ.

ಆ ಮಗ್ಗುಲಿಗೆ ನೇರ ಬಿಸಿಲು. ಮಕ್ತಲದ ಬಿಸಿಲಿಗೆ ಯಾರ ಮರ್ಯಾದೆಯೂ ಗೊತ್ತಿಲ್ಲ. ಅವನು ಲೋಟ ಇಡುವಷ್ಟರಲ್ಲಿ ತುಪ್ಪವೆಲ್ಲ ಒಣಗಿ, ದಪ್ಪ ಬಿಳಿ ಹಕ್ಕಳೆಯಾಗಿ ಕೂತಿತ್ತು. ಬಟ್ಟೆಯಿಂದ ಒರೆಸಿದ, ಅಲುಗಲಿಲ್ಲ. ಬಿದಿರಿನಿಂದ ಒತ್ತಿದ, ಬಿದಿರು ಬಿಲ್ಲಿನಂತೆ ಬಾಗಿತು. ಕಡೆಗೆ ಸ್ಟೂಲು ಹಾಕಿ ಹತ್ತಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಡಗೈಯಿಂದ ಬಲಗೈಯ ಮೊಳಕೈ ಎತ್ತಿ ಹಿಡಿದು ತಿಕ್ಕತೊಡಗಿದ. ಒಂದು ಅಂಗೈಯಗಲ ಹೊಳಪು ಬಂತು. ಕಣ್ಣಲ್ಲಿ ನೀರೂ ಬಂತು. ಉಳಿದದ್ದನ್ನು ಲೆಕ್ಕ ಹಾಕಿದರೆ ಮುಂದಿನ ಯುಗಾದಿಯ ತನಕ ಕೆಲಸವಿತ್ತು. ಬೆಲ್ಲದ ವಾಸನೆ ಮೂಗಿಗೆ ಬಂದಂತಾಯಿತು.

“ಕ್ಯಾರವಾನಿಗೆ ಸುಣ್ಣ ಹಚ್ಚಂತ ಯಾರಂದ್ರಿ?”

ಗುರಮ್ಮ ಬುತ್ತಿ ಹಿಡಿದು ನಿಂತಿದ್ದಳು. ಮಹಾಂತಯ್ಯ ಮೊಳಕೈ ಬಿಟ್ಟ. ಕೈ ತನ್ನಷ್ಟಕ್ಕೆ ಕೆಳಗೆ ಬಿತ್ತು.

“ಇದು ವ್ಯಾಕ್ಸು. ನಿನಗ ಗೊತ್ತಾಗಂಗಿಲ್ಲ,” ಎಂದ.

“ನಲವತ್ತು ವರ್ಷ ದಸರಾಕ್ಕ ನಿಮ್ಮ ಮನಿ ಗೋಡಿಗೆ ಸುಣ್ಣ ಹೊಡದಾಕಿ ನಾನು. ಬಿಸಿಲು ಬಿದ್ದ ಗೋಡಿಗೆ ಯಾರರೆ ಹೊಡೀತಾರೇನ್ರಿ? ನೆರಳು ಹ್ಯಾಂಗ ತಿರುಗ್ತೈತೋ ಹಂಗ ನಾವು ತಿರುಗಬೇಕು. ಅದೂ ಒಂದು ಚಾಪಿ ಅಗಲ. ಅದು ಮುಗದ ಮ್ಯಾಲೆ ಇನ್ನೊಂದು ಚಾಪಿ.” ಅವಳು ಉಗುರಿನಿಂದ ಹಕ್ಕಳೆಯನ್ನು ಕೆರೆದು ನೋಡಿದಳು. “ಅಬ್ಬಬ್ಬಾ! ಇದೇನು ಬೀಗರ ಊಟಾನ?”

ಬುತ್ತಿ ಬಿಚ್ಚಿದರು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಮಹಾಂತಯ್ಯ ಗಾಡಿಯ ಕಡೆ ನೋಡುತ್ತ ಒಂದೇ ರೊಟ್ಟಿಯನ್ನು ಮುರಿಯುತ್ತ ಕೂತ. ಗುರಮ್ಮ ಸಲೀಸಾಗಿ ಉಂಡಳು. ಕೈ ತೊಳೆದು ಬಂದವಳು ಮೇಣವನ್ನು ಬಟ್ಟೆಗೆ ಚೂರೇ ತಾಗಿಸಿ, ಒಣಗಿದ್ದರ ಮೇಲೆಯೇ ತೆಳ್ಳಗೆ ಸವರಿ, ಕೂಡಲೇ ಇನ್ನೊಂದು ಬಟ್ಟೆಯಿಂದ ಒರೆಸಿದಳು. ಹಳೆಯ ಮೇಣ ಹೊಸ ಮೇಣಕ್ಕೆ ಕರಗಿ ಎದ್ದು ಬಂತು. ಅಡಿಯಲ್ಲಿ ಗಾಡಿ ಕನ್ನಡಿಯಂತಿತ್ತು.

“ತಲ್ಯಾಗ ಒಣಗಿದ ಎಣ್ಣಿ ಎಣ್ಣಿಗೇ ಬಿಡ್ತೈತಿ,” ಎಂದಳು, ವಿಶೇಷವೇನೂ ನಡೆದಿಲ್ಲವೆಂಬಂತೆ.

ಅಷ್ಟರಲ್ಲಿ ನೆರಳು ರಸ್ತೆಯ ಮಗ್ಗುಲಿಗೆ ತಿರುಗಿತ್ತು. ಚಾಪೆಯಗಲ, ಚಾಪೆಯಗಲ, ಅವಳು ಹಚ್ಚುವುದು, ಅವನು ಬಿದಿರಿನಿಂದ ಒರೆಸುವುದು. ಸೂರ್ಯ ಇಳಿಯುವ ಹೊತ್ತಿಗೆ ಮಗ್ಗುಲುಗಳು ಮುಗಿದವು. ಉಳಿದದ್ದು ನೆತ್ತಿ. ಬಿದಿರಿನಿಂದ ಅದಕ್ಕೆ ತೆಳ್ಳಗೆ ಮೇಣ ಸವರಿದ್ದಾಯಿತು. ಒರೆಸಲು ಮಾತ್ರ ಬಿದಿರಿನ ಒತ್ತು ಸಾಲದು, ಮೇಲೆ ಹತ್ತಿದರೆ ತಗಡು ತಗ್ಗುತ್ತದೆ.

ಗುರಮ್ಮ ಶೆಡ್ಡಿನೊಳಗೆ ಹೋಗಿ ಅವನ ಮಂಚದ ಮೇಲೆ ಮಡಿಸಿ ಹಾಸಿದ್ದ ಹಳೆಯ ಸೀರೆ ತಂದಳು. ನಾರಾಯಣಪೇಟೆಯ ನೂಲಿನ ಸೀರೆ, ಒಂಬತ್ತು ಗಜ, ಒಗೆದೊಗೆದು ಹೂವಿನಷ್ಟು ಮೆತ್ತಗಾಗಿತ್ತು.

“ಏ, ಅದು ನಮ್ಮವ್ವಂದು!”

“ಗೊತ್ತೈತಿ. ನಿಮ್ಮವ್ವ ಇದ್ದಾಗ ಇಡೀ ಮನಿ ನನ್ನ ಕೈಲೆ ಒರೆಸಿಸ್ಯಾಳ. ಈಗ ಆಕಿ ಸೀರಿನೂ ಒಂದು ಗಾಡಿ ಒರೆಸಲಿ.”

ಸೀರೆಯ ತುದಿಗೆ ಬಟ್ಟೆಯ ಉಂಡೆ ಕಟ್ಟಿ ಗಾಡಿಯ ಮೇಲಿಂದ ಆಚೆ ಎಸೆದಳು. ಆಚೆ ತುದಿ ಅವನ ಕೈಗೆ, ಈಚೆ ತುದಿ ಇವಳ ಕೈಗೆ. ಎದೆಯ ಮಟ್ಟದಲ್ಲಿ ಹಿಡಿದು, ಮಜ್ಜಿಗೆ ಕಡೆದಂತೆ, ಅವಳೊಮ್ಮೆ ಎಳೆದರೆ ಅವನೊಮ್ಮೆ ಎಳೆಯಬೇಕು. ಸಮುದ್ರ ಮಥನದ ನಂತರ ಇಂಥದೊಂದು ಎಳೆದಾಟ ಮಕ್ತಲದಲ್ಲೇ ಆದದ್ದು. ದೇವತೆಗಳ ಕಡೆ ಯಾರು, ಅಸುರರ ಕಡೆ ಯಾರು ಎಂಬುದರ ಬಗ್ಗೆ ಆ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅವ್ವನ ಸೀರೆ ವಾಸುಕಿಯಂತೆ ಸರಿದಾಡಿತು, ಗಾಡಿಯ ನೆತ್ತಿ ಹೊಳೆಯುತ್ತ ಬಂತು.

ಅವರಿಬ್ಬರ ನಡುವೆ ಹತ್ತಡಿ ಎತ್ತರದ ಮನೆ. ಅವಳ ಮುಖ ಅವನಿಗೆ ಕಾಣುವುದಿಲ್ಲ, ಅವನ ಮುಖ ಅವಳಿಗೆ. ಮಥನದಲ್ಲಿ ಮೊದಲು ಬರುವುದು ಅಮೃತವಲ್ಲವಷ್ಟೆ.

“ಗುರಮ್ಮಾ.”

“ಎಳೀರಿ.”

“ನನ್ನ ಬಲ ಭುಜ ಮ್ಯಾಲೆ ಏಳಂಗಿಲ್ಲ.”

ಸೀರೆ ನಿಂತಿತು. ಆಮೇಲೆ ಆಚೆಯಿಂದ ಮತ್ತೆ ಎಳೆತ ಬಂತು, ಮೊದಲಿಗಿಂತ ಮೆಲ್ಲಗೆ.

“ಸಂಕ್ರಾಂತಿಯಿಂದ ಗೊತ್ತೈತಿ.”

“ಹ್ಯಾಂಗ?”

“ವಿಭೂತಿ ಹಚ್ಕೊಳ್ಳಾಗ ಮೊದಲು ನಿಮ್ಮ ಕೈ ಹಣಿಗೆ ಹೋಗ್ತಿತ್ತು. ಈಗ ಹಣಿನೇ ಬಗ್ಗಿ ಕೈಗೆ ಬರ್ತೈತಿ.”

“ದೇವರಿಗೆ ಬಗ್ಗಿದೆ ಅಂತ ತಿಳ್ಕೋಬೇಕಿತ್ತು.”

“ನಲವತ್ತು ವರ್ಷ ಬಗ್ಗದವರು ಒಮ್ಮಿಂದೊಮ್ಮೆಲೆ ಬಗ್ಗಿದ್ರ ಅದು ಭಕ್ತಿ ಅಲ್ರಿ, ನೋವು.”

ಮಹಾಂತಯ್ಯ ಎಳೆದ. “ಮತ್ತ ಯಾಕ ಕೇಳಲಿಲ್ಲ?”

“ನೀವಾಗೇ ಹೇಳ್ತೀರಿ ಅಂತ ಕಾದೆ. ಹೇಳಲಿಲ್ಲ. ಅದಕ್ಕ ತಮ್ಮನ ಅಂಗಡಿ ಮಾತು ತಗದೆ. ಅಲ್ಲಾದ್ರ ಕೈ ಮ್ಯಾಲೆ ಎತ್ತೋ ಕೆಲಸ ಇರಂಗಿಲ್ಲಂತ.”

“ಆ ಅಂಗಡ್ಯಾಗ ಕುಂತ್ರ ನಾ ಉಳಿಯಾಂಗಿಲ್ಲ ಗುರಮ್ಮ.”

“ಹಂಗಂತ ಬಾಯಿಬಿಟ್ಟು ಅನ್ನಬೇಕಿತ್ತು. ನೋಡೂಣ ನೋಡೂಣ ಅಂದ್ರ ನಾ ಏನು ನೋಡ್ಲಿ?”

ಎರಡೂವರೆ ತಿಂಗಳು ಭುಜ ಬಚ್ಚಿಡಲು ಪಟ್ಟ ಕಷ್ಟ ಅವನಿಗೆ ಒಂದೊಂದೇ ನೆನಪಾಯಿತು. ಅಂಗಿ ಹಾಕುವಾಗ ಗೋಡೆಗೆ ತಿರುಗಿದ್ದು, ಅಟ್ಟದ ಡಬ್ಬಿ ಇಳಿಸೆಂದಾಗ ಫೋನು ಬಂದಂತೆ ನಟಿಸಿದ್ದು, ಡ್ರೈವರುಗಳಿಗೆ ಶಾಸ್ತ್ರ ಬೋಧಿಸಿದ್ದು. ಅಷ್ಟನ್ನೂ ಅವಳು ಪುಂಡಿ ಸೊಪ್ಪು ಸೋಸುತ್ತ ನೋಡುತ್ತಿದ್ದಳು. ಹೊಟ್ಟೆಯೊಳಗಿಂದ ನಗು ಬಂತು. ಆಚೆಯಿಂದಲೂ ಕೇಳಿಸಿತು. ನಕ್ಕರೆ ಸೀರೆ ಸಡಿಲಾಗುತ್ತದೆ. ನೆತ್ತಿಯ ಒಂದು ಅಂಚು ಅಲ್ಲಿಯೇ ಮಬ್ಬಾಗಿ ಉಳಿಯಿತು.

ಹೊತ್ತು ಮುಳುಗುವ ಮೊದಲು ಸುರೇಂದರ್ ಬಂದ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅದರ ಮೈಯಲ್ಲಿ ತನ್ನ ಕ್ರಾಪು ನೋಡಿ ಸರಿಮಾಡಿಕೊಂಡ. “ಅಬ್ಬಾ! ಒಬ್ಬರೇ ಮಾಡಿದ್ರಾ?”

ಗುರಮ್ಮ ಹಿಂದೆ ನಿಂತು ಸೀರೆ ಮಡಿಸುತ್ತಿದ್ದಳು. ‘ಹೌದು’ ಎಂದರೆ ಅವಳು ಬಾಯಿಬಿಡುವವಳಲ್ಲ. ಅದು ಮಹಾಂತಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

“ಇಲ್ರಿ. ಇಬ್ಬರು,” ಎಂದ.

“ಆ ಮೇಲಿನ ಅಂಚು ಸ್ವಲ್ಪ ಮಬ್ಬೈತಲ್ಲ?”

“ಅದು ಆಕಿ ಕಡೆ,” ಎಂದ ಮಹಾಂತಯ್ಯ. “ಅದು ಇವರ ಕಡೆ,” ಎಂದಳು ಗುರಮ್ಮ. ಎರಡೂ ಒಟ್ಟಿಗೇ ಬಂದವು.

ಉಳಿದ ಏಳನ್ನೂ ಒಂದೊಂದಾಗಿ ಕಳಿಸುತ್ತೇನೆಂದು ಹೇಳಿ ಸುರೇಂದರ್ ಮನೆಯನ್ನು ಎಳೆದುಕೊಂಡು ಹೋದ. ಮಹಾಂತಯ್ಯ ಉಡಿದಾರದಿಂದ ಕೀಲಿ ಬಿಚ್ಚಿದ. ಪಂದ್ಯ ಪಂದ್ಯವೇ, ಒಬ್ಬನೇ ಮಾಡಿರಲಿಲ್ಲ. ಗುರಮ್ಮ ಅದನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

“ನಾಳಿ ಗದ್ವಾಲಕ್ಕ ಹೋಗಿ ಭುಜ ತೋರಿಸ್ಕೊಂಡು ಬರ‍್ರಿ. ಆಮ್ಯಾಲೆ ಕೀಲಿ ತೆಗೀತೀನಿ.”

“ಮತ್ತ ನಾರಾಯಣಪೇಟೆ?”

“ಸೋಮವಾರ ಬಸ್ಸಿನಾಗ ಇಬ್ಬರೂ ಹೋಗೂಣ. ತಮ್ಮಗ ಬರಂಗಿಲ್ಲಂತ ಹೇಳೂಣ. ಹಂಗೇ ಇನ್ನೊಂದು ಹಳೇ ಸೀರಿ ತರೂಣ.”

ಗದ್ವಾಲದ ಡಾಕ್ಟರಮ್ಮ ಭುಜವನ್ನು ಆಕಡೆ ಈಕಡೆ ತಿರುಗಿಸಿ, ಮಾತ್ರೆ ಬರೆದು, ಒಂದು ವ್ಯಾಯಾಮ ಹೇಳಿದರು: ಬಾಗಿಲಿನ ಮೇಲಿಂದ ಹಗ್ಗ ಹಾಕಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು, ಒಂದನ್ನೆಳೆದು ಇನ್ನೊಂದನ್ನು ಮೆಲ್ಲಗೆ ಮೇಲೇರಿಸುವುದು. ನೋವಾಗದಷ್ಟೇ, ದಿನಕ್ಕೆರಡು ಸಲ.

“ನಿಮಗೆ ಮನೇಲಿ ಬಾಗಿಲು, ಹಗ್ಗ ಇದೆಯಲ್ಲ?” ಎಂದು ಕೇಳಿದರು.

“ಬಾಗಿಲು ಐತ್ರಿ,” ಎಂದ ಮಹಾಂತಯ್ಯ ಸಂಕೋಚದಿಂದ. “ಹಗ್ಗದ ಬದಲು ನಮ್ಮವ್ವನ ಸೀರಿ ನಡಿತೈತೇನ್ರಿ?”

ಈಗ ಭುಜ ಕಿವಿಯ ಮಟ್ಟ ಮುಟ್ಟಿದೆ. ಡ್ರೈವರುಗಳು ಮಾತ್ರ ಈಗಲೂ ಲಾರಿಯ ಹಣೆಯನ್ನು ತಾವೇ ತೊಳೆದುಕೊಳ್ಳುತ್ತಾರೆ. ಆ ಶಾಸ್ತ್ರ ಹೇಗೆ ಹುಟ್ಟಿತೆಂದು ಅವರಿಗೆ ಹೇಳಿಬಿಡಲೇ ಎಂದು ಗುರಮ್ಮ ಆಗಾಗ ಹೆದರಿಸುತ್ತಾಳೆ. ಆಗೆಲ್ಲ ಮಹಾಂತಯ್ಯ ತಾನೇ ಹೋಗಿ ಚಹಾ ಇಡುತ್ತಾನೆ.